ಸೊನ್ನೆಯ ಬಂದರು

ಹೆದರಬೇಡ ಎಡಿನಾಮ್,
ಎಂಟು ಲಾರಿ ಕಡಲಿಗೆ ಬಿದ್ದಿಲ್ಲ.
ಪರದೆ ಹಾಗೆ ಹೇಳುತ್ತದೆ, ಅಷ್ಟೆ.
ಮೊದಲ ರಾತ್ರಿ ನಾನೂ ಚೀರಿದ್ದೆ;
ಗೇಟಿನ ಮುದುಕ ಟಾರ್ಚು ಹಿಡಿದು ಓಡಿಬಂದಿದ್ದ.

ಕುರ್ಚಿ ಎಳೆದುಕೋ.
ಹಸಿರು ಚುಕ್ಕೆಯೆಂದರೆ ಓಡುತ್ತಿದೆ,
ಹಳದಿಯೆಂದರೆ ನಿಂತಿದೆ,
ಕೆಂಪೆಂದರೆ ಗಿರಾಕಿಯ ಫೋನು ಬರುವ ಹೊತ್ತು.
ತೇಮಾದಿಂದ ಕುಮಾಸಿ, ಕಿಂಟಾಂಪೊ, ತಮಾಲೆ,
ಪಾಗಾದ ಗಡಿ, ಆಚೆಗೆ ವಾಗಡುಗು.
ಮೊಳದಗಲ ಗಾಜಿನೊಳಗೆ ಸಾವಿರ ಕಿಲೋಮೀಟರು.

ಲಾರಿಯ ನೆತ್ತಿಯಲ್ಲಿರುವ ಪೆಟ್ಟಿಗೆಗೆ
ಉಪಗ್ರಹದ ದನಿ ಕೇಳದಾದಾಗ
ತಾನೆಲ್ಲಿದ್ದೇನೆಂದು ತಿಳಿಯುವುದಿಲ್ಲ.
ಗೊತ್ತಿಲ್ಲ ಅನ್ನುವುದನ್ನು ಅದಕ್ಕೆ ಯಾರೂ ಕಲಿಸಿಲ್ಲ.
ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ
ಎಂದು ಬರೆದು ಕಳಿಸುತ್ತದೆ,
ಪಾಠ ಬಾರದ ಹುಡುಗ ಖಾಲಿ ಹಾಳೆಯಲ್ಲಿ
ಹೆಸರಷ್ಟೇ ಬರೆದು ಕೊಟ್ಟ ಹಾಗೆ.
ನಮ್ಮ ತಂತ್ರಾಂಶ ಅದನ್ನೂ ನಂಬುತ್ತದೆ.
ಸೊನ್ನೆ ಎಲ್ಲಿದೆಯೋ ಹುಡುಕಿ, ಅಲ್ಲಿ ಚುಕ್ಕೆ ಇಡುತ್ತದೆ.

ಎಲ್ಲಿದೆ ಗೊತ್ತೇ? ಆ ಕಿಟಕಿ ತೆರೆ.
ಸೊನ್ನೆಯ ಗೆರೆ ನಮ್ಮೂರ ಮೇಲೇ ಹಾಯುತ್ತದೆ.
ಮೀನು ಸುಡುವ ಒಲೆಗಳ ಹೊಗೆಯಲ್ಲಿ
ನನ್ನಜ್ಜಿ ಅದನ್ನು ದಿನಕ್ಕೆ ಇಪ್ಪತ್ತು ಸಲ ದಾಟುತ್ತಿದ್ದಳು
ತಲೆ ಮೇಲೆ ಬೋಗುಣಿ ಹೊತ್ತು,
ಒಮ್ಮೆಯೂ ಎಡವದೆ.
ಅದೇ ಗೆರೆ ಹಿಡಿದು ನೆಟ್ಟಗೆ ದಕ್ಷಿಣಕ್ಕೆ ಹೋಗು:
ಆರುನೂರು ಚಿಲ್ಲರೆ ಕಿಲೋಮೀಟರು, ಬರೀ ನೀರು.
ದ್ವೀಪವಿಲ್ಲ, ಕಾಗೆ ಕೂರುವಷ್ಟು ಬಂಡೆಯಿಲ್ಲ,
ಗಾಳಿ ಅಳೆಯುವ ಒಂದು ತೇಲುಗುಂಡು ಬಿಟ್ಟರೆ.
ಲೋಕದಲ್ಲಿ ದಿಕ್ಕು ತಪ್ಪಿದ ಲಾರಿಗಳೆಲ್ಲ
ಅಲ್ಲಿಗೇ ಬಂದು ನಿಲ್ಲುತ್ತವೆ:
ಹೆಪ್ಪುಗಟ್ಟಿದ ಕೋಳಿ, ಅಕ್ಕಿಮೂಟೆ, ಟೈಲ್ಸು,
ಯಾರದೋ ಮದುವೆಯ ಇನ್ನೂರು ಕುರ್ಚಿ.
ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ,
ಇವು ತಿರುಗುಮುರುಗು.
ಲೆಕ್ಕಕ್ಕುಂಟು, ನೆಲಕ್ಕಿಲ್ಲ.

ಹೋದ ವರ್ಷದ ಮಳೆಯಲ್ಲಿ
ಅಯಾಂಗಾನ ಲಾರಿ ಮೂರು ದಿನ ಅಲ್ಲೇ ಇತ್ತು.
ತಲುಪುವ ಹೊತ್ತು: ಲೆಕ್ಕ ಹಾಕಲಾಗುತ್ತಿದೆ.
ಮರುದಿನವೂ, ಲೆಕ್ಕ ಹಾಕಲಾಗುತ್ತಿದೆ.
ವಾಗಡುಗುವಿನ ಸಾಹುಕಾರ ಫೋನಿನಲ್ಲಿ ಕೂಗಿದ:
ನನ್ನ ಸಿಮೆಂಟು ಸಮುದ್ರದಲ್ಲಿ ಏನು ಕಟ್ಟುತ್ತಿದೆ?
ಮೂರನೆಯ ಸಂಜೆ ಯಾರದೋ ಫೋನಿನಿಂದ ಅಯಾಂಗಾ.
ನಿಮ್ಮ ಯಂತ್ರ ನನ್ನನ್ನು ಎಲ್ಲಿಟ್ಟಿದೆ, ಮೇಡಂ?
ಕಡಲಲ್ಲಿ, ಅಂದೆ.
ನಕ್ಕ. ಮೀನು ಸಿಕ್ಕರೆ ತರುತ್ತೇನೆ, ಅಂದ.
ಆಮೇಲೆ ಮೆಲ್ಲಗೆ:
ಜೊತೆಗಿರುವ ಹುಡುಗನಿಗೆ ಜ್ವರ, ಹಾಸಿಗೆ ಖಾಲಿಯಿಲ್ಲ,
ಲಾರಿಯಲ್ಲೇ ಮಲಗಿಸಿದ್ದೇನೆ, ಸೆಕೆ,
ಪೆಟ್ಟಿಗೆಯ ತಂತಿ ಕಿತ್ತು ಫ್ಯಾನಿಗೆ ಕೊಟ್ಟೆ.

ವಿಳಂಬಕ್ಕೆ ಕಾರಣ, ಇಲ್ಲಿ ಒತ್ತಿದರೆ ಪಟ್ಟಿ ಇಳಿಯುತ್ತದೆ.
ಪಂಕ್ಚರು, ಪೊಲೀಸು, ತೂಕದ ಕಟ್ಟೆ,
ಸೇತುವೆ, ಸುಂಕ, ಸಂಕೇತ ದೋಷ.
ಜ್ವರ ಇಲ್ಲ. ಬೇರೆಯವರ ಜ್ವರವಂತೂ ಇಲ್ಲವೇ ಇಲ್ಲ.
ಕಾರಣವಿಲ್ಲದ ಪ್ರತಿ ಗಂಟೆಗೂ
ಅವನ ಸಂಬಳದಿಂದ ಅದು ತಾನಾಗೇ ಕಳೆಯುತ್ತದೆ,
ಯಾರನ್ನೂ ಕೇಳದೆ, ಚಿಲ್ಲರೆ ಸಮೇತ.
ನಾನು ಸಂಕೇತ ದೋಷ ಒತ್ತಿದೆ.
ಸುಳ್ಳಲ್ಲ, ಯೋಚಿಸು:
ಸಂಕೇತವಿತ್ತು, ದೋಷವೂ ಇತ್ತು.
ಎಪ್ಪತ್ತೊಂದು ಗಂಟೆ ಆ ಸೊನ್ನೆ
ಅವನನ್ನು ತನ್ನ ಹೊಟ್ಟೆಯೊಳಗೆ ಕಾದಿಟ್ಟುಕೊಂಡಿತು.

ಹುಡುಗನೇ? ಈಗ ಅವನಿಗೇ ಲೈಸೆನ್ಸು ಬಂದಿದೆ.
ಆ ಎಂಟರಲ್ಲಿ ನಾಲ್ಕನೆಯದು ಅವನದು.
ಯಾಕೆ ಸೊನ್ನೆಗೆ ಹೋಗಿದ್ದಾನೋ, ನಾನು ಕೇಳಿಲ್ಲ.
ನಲವತ್ತು ನಿಮಿಷ ಬಿಡು, ಆಮೇಲೆ ಫೋನು ಮಾಡು.
ಅಷ್ಟರೊಳಗೆ ಟೀ ಕುಡಿ. ಸಕ್ಕರೆ ಆ ಡಬ್ಬಿಯಲ್ಲಿದೆ.

ನೋಡು, ನೋಡು, ಬಂತು!
ನಡುಗಡಲಿಂದ ತಮಾಲೆಯ ರಸ್ತೆಗೆ
ಒಂದೇ ನೆಗೆತ, ಒಂದೇ ನಿಮಿಷ.
ಈಗ ಕೆಂಪು ಚೌಕ ತೆರೆಯುತ್ತದೆ:
ವೇಗಮಿತಿ ಮೀರಲಾಗಿದೆ.
ಗಂಟೆಗೆ ಅರವತ್ತೆರಡು ಸಾವಿರ ಕಿಲೋಮೀಟರು.
ಚಾಲಕನಿಗೆ ಎಚ್ಚರಿಕೆ ಕಳಿಸಲೇ?

ಬೇಡ, ಒತ್ತು.
ಬರಲಿ ಬಿಡು, ಅದೇ ವೇಗದಲ್ಲಿ.